ಅಳಬಾರದ ಕೂಸಿನ ಜೊತೆ ಇಪ್ಪತ್ತೊಂದು ತಿಂಗಳು

ಇಪ್ಪತ್ತೇಳನೇ ವಯಸ್ಸಿಗೆ ನಿವೃತ್ತಳಾದೆ ಎಂದರೆ ಜನ ನಗುತ್ತಾರೆ. ನಗಲಿ, ಆದರೆ ಒಂದು ಪ್ರಶ್ನೆಗೆ ಉತ್ತರ ಹೇಳಿ ನಗಲಿ. ರಜೆ ಇಲ್ಲದೆ ದುಡಿದಿದ್ದೇನೆ. ಮೇಲಿನವರಿಂದ ಬೈಸಿಕೊಂಡಿದ್ದೇನೆ. ಯಾವ ಪುಸ್ತಕದಲ್ಲೂ ಓದದ ಕೈಗೆಲಸ ಕಲಿತಿದ್ದೇನೆ. ನೆನೆದರೆ ಈಗಲೂ ಎದೆ ಧಸಕ್ಕೆನ್ನುವಂಥ ತಪ್ಪು ಮಾಡಿದ್ದೇನೆ. ಕಡೆಗೊಂದು ದಿನ ನನ್ನ ಅಗತ್ಯ ತೀರಿ ಬರಿಗೈಯಲ್ಲಿ ಮನೆಗೆ ಬಂದಿದ್ದೇನೆ. ಇದು ನೌಕರಿಯಲ್ಲದಿದ್ದರೆ ಮತ್ತೇನು?

‘ಮನಿ ಕೂಸಿನ್ನ ನೋಡ್ಕೊಳ್ಳೋದೂ ಒಂದು ಕೆಲಸೇನವಾ?’ ಎಂದು ನಮ್ಮ ಓಣಿಯ ಹಿರಿಯರೊಬ್ಬರು ಕೇಳಿದ್ದರು. ಕಾಲೇಜಿನ ಚರ್ಚಾಸ್ಪರ್ಧೆಯಲ್ಲಾಗಿದ್ದರೆ ಈ ವಾದವನ್ನು ಎರಡು ನಿಮಿಷದಲ್ಲಿ ಮುರಿದು ಹಾಕುತ್ತಿದ್ದೆ. ಅವರಿಗೆ ಇಷ್ಟೇ ಹೇಳಿದೆ: ‘ಒಂದು ದಿನ ನೀವು ನೋಡ್ಕೊಳ್ರಿ ಕಾಕಾ, ಸಂಜಿಗೆ ಮಾತಾಡೋಣು.’ ಅವರು ಬರಲಿಲ್ಲ. ಅದೂ ಒಂದು ಉತ್ತರವೇ.

ಇಂಥ ಕೂಸನ್ನು ಇವತ್ತೋ ನಾಳೆಯೋ ಮಡಿಲಿಗೆ ತೆಗೆದುಕೊಳ್ಳಲಿರುವ ಅಕ್ಕ, ಅತ್ತೆ, ಚಿಕ್ಕಮ್ಮ, ಅಪ್ಪಂದಿರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಔಷಧಿಯ ಮಾತು ಹೇಳುವುದಿಲ್ಲ, ಅದನ್ನು ಡಾಕ್ಟರನ್ನೇ ಕೇಳಿ. ಡಾಕ್ಟರಿಗೆ ಹೇಳಲು ಪುರುಸೊತ್ತಿಲ್ಲದ್ದು ಮಾತ್ರ ಇಲ್ಲಿದೆ.

ಕೂಸಿನ ಹೆಸರು ಗೌರಿ, ನನ್ನ ಅಣ್ಣ ಮಲ್ಲಣ್ಣನ ಮಗಳು. ಹುಟ್ಟುವಾಗಲೇ ಹೃದಯದಲ್ಲಿ ತೂತು, ಶ್ವಾಸಕೋಶಕ್ಕೆ ರಕ್ತ ಹೋಗುವ ದಾರಿ ಇಕ್ಕಟ್ಟು. ಬಲಗೈ ಮೊಣಕೈಯಿಂದ ಕೆಳಗೆ ಗಿಡ್ಡ, ಮಣಿಕಟ್ಟು ಒಳಕ್ಕೆ ಬಾಗಿತ್ತು, ಹೆಬ್ಬೆರಳು ಇರಲಿಲ್ಲ. ನಮ್ಮದು ತೆಲಂಗಾಣದ ಗಡಿಯಲ್ಲಿ, ದಾಮರಗಿದ್ದ ಎಂಬ ಊರಿನ ಕಡೆಯ ಹಳ್ಳಿ. ಅರ್ಧ ಊರು ಪುಣೆಯಲ್ಲಿ ಕಟ್ಟಡದ ಕೆಲಸಕ್ಕಿರುತ್ತದೆ, ಅಣ್ಣ ಮತ್ತು ಅತ್ತಿಗೆ ಲಕ್ಷ್ಮಿಯೂ ಅಲ್ಲಿದ್ದರು. ಸಿಮೆಂಟಿನ ಧೂಳಿನಲ್ಲಿ ಕೂಸು ಎರಡು ಸಲ ನ್ಯುಮೋನಿಯಾದಿಂದ ಆಸ್ಪತ್ರೆ ಸೇರಿ ಬಂದ ಮೇಲೆ, ಒಂಬತ್ತು ತಿಂಗಳ ಗೌರಿಯನ್ನು ತಂದು ನನ್ನ ಕೈಗಿಟ್ಟರು. ನಾನು ನಾರಾಯಣಪೇಟೆಯಲ್ಲಿ ಒಂದು ಬಾಡಿಗೆ ಕೋಣೆಯಲ್ಲಿದ್ದು ಖಾಸಗಿ ಶಾಲೆಯಲ್ಲಿ ಸಮಾಜ ಪಾಠ ಹೇಳುತ್ತಿದ್ದೆ. ಶಾಲೆ ಬಿಟ್ಟೆ. ತ್ಯಾಗ ಗೀಗ ಎಂದು ಯಾರೂ ಹೊಗಳಬೇಡಿ. ಆಸ್ಪತ್ರೆಗೆ ಹತ್ತಿರ ಇದ್ದವಳು ನಾನು, ಮದುವೆಯಾಗದವಳೂ ನಾನು, ಉಳಿದವರ ಹತ್ತಿರ ಒಳ್ಳೆಯ ನೆಪಗಳಿದ್ದವು.

ನಾರಾಯಣಪೇಟೆಯ ಡಾಕ್ಟರಮ್ಮ ತೆಲುಗು ಬೆರೆಸಿದ ಕನ್ನಡದಲ್ಲಿ ನನ್ನ ಕೆಲಸವನ್ನು ಎರಡೇ ಮಾತಿನಲ್ಲಿ ವಿವರಿಸಿದರು. ‘ಒಂಬತ್ತು ಕೆಜಿ ಆಗಲಮ್ಮಾ, ಹೈದರಾಬಾದಿನಾಗ ಆಪರೇಷನ್ ಮಾಡ್ತಾರ. ಅಲ್ಲಿತನಕ ಏಡಿಪಿಂಚಕೂಡದು. ಅಳಿಸಬ್ಯಾಡ್ರಿ, ಅಷ್ಟೇ.’

ಅಷ್ಟೇ! ಆಗ ಕೂಸು ಐದೂವರೆ ಕೆಜಿ.

ಜೋರಾಗಿ ಅತ್ತರೆ ಆ ಇಕ್ಕಟ್ಟಾದ ದಾರಿ ಇನ್ನೂ ಬಿಗಿಯಾಗುತ್ತದೆ. ತುಟಿ, ನಾಲಗೆ, ಉಗುರು ನೇರಳೆ ಹಣ್ಣಿನ ಬಣ್ಣಕ್ಕೆ ತಿರುಗುತ್ತವೆ. ಆಗ ಕೂಸನ್ನು ಎತ್ತಿ, ಮೊಣಕಾಲುಗಳನ್ನು ಮಡಚಿ ಎದೆಗೆ ಒತ್ತಿ ಹಿಡಿಯಬೇಕು. ಬಣ್ಣ ಮರಳದಿದ್ದರೆ ಓಡಬೇಕು. ಡಾಕ್ಟರಮ್ಮ ಸುತ್ತಿದ ಟವೆಲೊಂದನ್ನು ಕೂಸು ಮಾಡಿಕೊಂಡು ತೋರಿಸಿದರು. ನಾನು ಮೂರು ಸಲ ಮಾಡಿದೆ, ಮೂರು ಸಲವೂ ತಪ್ಪಾಯಿತು. ‘ಮೆತ್ತಗ ಅಲ್ಲ, ಗಟ್ಟಿ. ಪ್ರೀತಿ ಆಮ್ಯಾಲ ಮಾಡ್ರಿ’ ಎಂದು ಬೈದರು. ಹೊಸಬರಿಗೆ ನಾನು ಹೇಳುವ ಮೊದಲ ಮಾತೂ ಅದೇ. ಟವೆಲಿನ ಮೇಲೆ ಕೈ ಕೂಡುವವರೆಗೆ ಆಸ್ಪತ್ರೆ ಬಿಟ್ಟು ಕದಲಬೇಡಿ.

ಇನ್ನು ತಪ್ಪುಗಳ ವಿಷಯ. ಮೊದಲನೆಯದು ವಾದ ಗೆದ್ದದ್ದು.

ಅವ್ವ ಮೊದಮೊದಲು ವಾರಕ್ಕೊಮ್ಮೆ ಹಳ್ಳಿಯಿಂದ ಬಂದು ನೀರು ತುಂಬಿ, ರೊಟ್ಟಿ ಬಡಿದು ಹೋಗುತ್ತಿದ್ದಳು. ಬಂದಾಗೆಲ್ಲ ಒಂದೇ ಮಾತು: ‘ಬಸುರಾಗ ಗ್ರಹಣದ ಹೊತ್ತಿಗೆ ಈಳಿಗಿ ಹಿಡದಿದ್ಲು ನಿಮ್ಮತ್ತಿಗಿ. ಕೂಸಿನ ಕೈ ಕೊಯ್ದಂಗ ಆತು.’ ಅತ್ತಿಗೆಯ ಮೇಲೆ ಈ ಮಾತು ಇಡೀ ಊರಲ್ಲಿ ಹಬ್ಬಿತ್ತು. ನಾನು ಅವ್ವನ ಅಸ್ತ್ರವನ್ನೇ ತೆಗೆದುಕೊಂಡೆ. ಊರಿನ ಅಯ್ಯನವರ ಮನೆಯಿಂದ ಹಳೆಯ ಪಂಚಾಂಗ ತರಿಸಿ, ಒಂಬತ್ತು ತಿಂಗಳ ಪುಟಗಳನ್ನು ತಿರುವಿ, ಆ ಅವಧಿಯಲ್ಲಿ ನಮ್ಮ ಸೀಮೆಗೆ ಕಾಣುವ ಗ್ರಹಣ ಒಂದೂ ಇರಲಿಲ್ಲವೆಂದು ತೋರಿಸಿದೆ. ಅವ್ವನಿಗೆ ಓದಲು ಬರದು, ಆದರೂ ಪಂಚಾಂಗದ ಮುಂದೆ ಎದುರಾಡುವವಳಲ್ಲ.

‘ಹಂಗಾದ್ರ ನಾ ಸುಳ್ಳಿ ಅಂತಿ.’

‘ಸುಳ್ಳಿ ಅನ್ನಲಿಲ್ಲವಾ. ತಪ್ಪಾಗೈತಿ ಅಂದೆ.’

‘ಎರಡೂ ಒಂದ. ಓದಿಸಿದ್ದಕ್ಕ ಛಲೋ ಮರ್ಯಾದಿ ಕೊಟ್ಟಿ ಬಿಡು.’

ಸೆರಗು ಕೊಡವಿ ಎದ್ದು ಹೋದಳು. ಮುಂದೆ ಬಹಳ ತಿಂಗಳು ಬರಲಿಲ್ಲ. ನೀರೂ ನಾನೇ, ರೊಟ್ಟಿಯೂ ನಾನೇ.

ಅವ್ವ ಮುನಿದಳು, ಹೋಗಲಿ, ಅತ್ತಿಗೆಯ ಮೇಲಿನ ಅಪವಾದವಾದರೂ ಕಳೆಯಿತಲ್ಲ ಎಂದುಕೊಂಡಿದ್ದೆ. ವಾರದ ನಂತರ ಪುಣೆಯಿಂದ ಅತ್ತಿಗೆಯ ಫೋನು ಬಂತು.

‘ಸುಜಾತಾ, ಗ್ರಹಣ ಇರಲೇ ಇಲ್ಲ ಅಂದಿಯಂತ?’

‘ಇರಲಿಲ್ಲ ಅತ್ತಿಗಿ. ನಿನ್ನ ಮ್ಯಾಲಿನ ಮಾತು ತಪ್ಪಿತಲ್ಲ.’

ಅವಳ ಹಿಂದೆ ಸಿಮೆಂಟು ಕಲಸುವ ಯಂತ್ರದ ಸದ್ದು ಕೇಳುತ್ತಿತ್ತು. ‘ನಾ ಒಂದಿನ ಬದನಿಕಾಯಿ ಹೆಚ್ಚಿದ್ದು ನನಗ ನೆನಪೈತಿ. ಅದರಿಂದ ಆತು ಅಂದ್ರ, ನಂದೊಂದು ತಪ್ಪಾತು, ದೇವರಿಗೆ ಕೈ ಮುಗದು ಕೇಳ್ಕೋತಿದ್ದೆ. ಅದಲ್ಲ ಅಂದ್ರ ಮತ್ತ ಯಾತರಿಂದ ಆತು ಹೇಳು. ಸುಮ್ಮ ಸುಮ್ಮನ ಆತೇನು?’

ಹೌದು, ಸುಮ್ಮಸುಮ್ಮನೆ. ಸರಿಯಾದ ಉತ್ತರ ಅದೇ, ಡಾಕ್ಟರಮ್ಮನೂ ಅದನ್ನೇ ಹೇಳಿದ್ದರು. ಗೌರಿ ಎದ್ದಳೆಂದು ನೆಪ ಹೇಳಿ ಫೋನಿಟ್ಟೆ. ಗ್ರಹಣವನ್ನು ನಾನು ಈಗಲೂ ನಂಬುವುದಿಲ್ಲ. ಆದರೆ ಒಬ್ಬರ ಕೈಯಲ್ಲಿರುವ ಕಾರಣವನ್ನು ಕಸಿದುಕೊಳ್ಳುವ ಮುಂಚೆ, ಅವರು ಅದನ್ನು ಯಾಕೆ ಹಿಡಿದುಕೊಂಡಿದ್ದಾರೆಂದು ಕೇಳಬೇಕಿತ್ತು. ಕೇಳಲಿಲ್ಲ.

ಕೂಸಿನ ಕೈಯ ವಿಷಯದಲ್ಲಿ ನನ್ನ ಮೇಲಧಿಕಾರಿ ಖಾಜಾ ಸಾಹೇಬರು. ಗದ್ವಾಲದಲ್ಲಿ ಅವರ ಮನೆ. ಸರ್ಕಾರಿ ಆಸ್ಪತ್ರೆಯಲ್ಲಿ ಕೈಕಾಲಿಗೆ ಪಟ್ಟಿ ಕಟ್ಟುವ ಕೆಲಸದಿಂದ ನಿವೃತ್ತರಾದ ಮುದುಕರು. ನೀರಿನ ಪ್ಲಾಸ್ಟಿಕ್ ಪೈಪನ್ನು ಸೀಳಿ, ಒಲೆಯ ಮೇಲೆ ಕಾಯಿಸಿ, ಮೆತ್ತಗಾದಾಗ ತಿದ್ದಿ, ಒಳಗೆ ಹಳೆಯ ಬನಿಯನ್ ಬಟ್ಟೆ ಅಂಟಿಸಿ ಕೂಸಿನ ಮಣಿಕಟ್ಟಿಗೆ ಪಟ್ಟಿ ಮಾಡಿಕೊಡುತ್ತಿದ್ದರು. ಕೈ ಬೆಳೆದಂತೆ ಹೊಸ ಪಟ್ಟಿ ಬೇಕು, ಹೀಗಾಗಿ ತಿಂಗಳಿಗೊಮ್ಮೆ ಮಕ್ತಲದಲ್ಲಿ ಬಸ್ ಬದಲಿಸಿ ಗದ್ವಾಲಕ್ಕೆ ಹೋಗುತ್ತಿದ್ದೆ. ನಾನು ಪ್ರತಿಯೊಂದಕ್ಕೂ ‘ಯಾಕ್ರಿ?’ ಎನ್ನುತ್ತಿದ್ದರಿಂದ ನನಗೆ ‘ವಕೀಲಮ್ಮ’ ಎಂದು ಹೆಸರಿಟ್ಟಿದ್ದರು.

‘ರೋಜ್ ನಾಕು ಸಲ ಮಣಿಕಟ್ಟು ಎಳೀಬೇಕು ವಕೀಲಮ್ಮ. ಇಲ್ಲಂದ್ರ ಕೈ ಹಿಂಗ ಕಟ್ಟಿಗಿ ಆಗ್ತದ.’

‘ಎಳದ್ರ ಅಳತಾಳ್ರಿ. ಅತ್ತರ ನೀಲಿ ಆಗ್ತಾಳ. ಡಾಕ್ಟರಮ್ಮ ಅಳಿಸಬ್ಯಾಡ ಅಂದಾರ.’

‘ಕೈ ನಂದು. ದಿಲ್ ಡಾಕ್ಟರಮ್ಮಂದು.’

‘ಅಳೋದು ಯಾರದ್ರಿ?’

‘ಅದು ನಿಂದು ಬೇಟಾ’ ಎಂದು ಬೀಡಿ ಹಚ್ಚಿದರು.

ಈ ಕೆಲಸದ ತಿರುಳನ್ನು ಇದಕ್ಕಿಂತ ಚೊಕ್ಕವಾಗಿ ಯಾರೂ ನನಗೆ ಹೇಳಿಲ್ಲ. ದೇಹವನ್ನು ಎಲ್ಲರೂ ಹಂಚಿಕೊಂಡಿರುತ್ತಾರೆ. ನಡುವೆ ಉಳಿದದ್ದು ನಿಮಗೆ. ಆರು ವಾರ ಏನೇನೋ ಮಾಡಿದೆ. ಹಾಡಿದೆ, ಮೊಬೈಲ್ ತೋರಿಸಿದೆ, ನಿದ್ದೆಯಲ್ಲಿ ಎಳೆದೆ. ಎಚ್ಚರವಾಗಿ ಅತ್ತಳು, ನೀಲಿಯಾದಳು. ಕಡೆಗೆ ಉಪಾಯ ಸಿಕ್ಕಿದ್ದು ಬಚ್ಚಲಲ್ಲಿ. ಬೆಚ್ಚನೆಯ ನೀರನ್ನು ಮೇಲಿನಿಂದ ಸಣ್ಣ ಧಾರೆಯಾಗಿ ಬಿಟ್ಟರೆ ಹಿಡಿಯಲು ತಾನೇ ಆ ಗಿಡ್ಡ ಕೈ ಚಾಚುತ್ತಿದ್ದಳು. ಧಾರೆಯನ್ನು ಒಂದು ಬೆರಳು ಆಚೆ ಸರಿಸಿದರೆ ಮಣಿಕಟ್ಟೂ ಅಷ್ಟು ತಿರುಗುತ್ತಿತ್ತು. ನಗುತ್ತಲೇ ಎಳೆಸಿಕೊಳ್ಳುತ್ತಿದ್ದಳು. ಖಾಜಾ ಸಾಹೇಬರಿಗೆ ಹೇಳಿದೆ. ಅವರು ಬಕೆಟ್ ತರಿಸಿ ಕಣ್ಣಾರೆ ನೋಡಿದರು. ಮುಂದಿನ ತಿಂಗಳು ಹೋದಾಗ ಬೇರೊಬ್ಬ ತಾಯಿಗೆ ಗತ್ತಿನಿಂದ ಹೇಳುತ್ತಿದ್ದರು: ‘ಎಳೆಯೋ ಕಾಲ ಹೋತಮ್ಮ. ಈಗ ನಾರಾಯಣಪೇಟಿ ಪದ್ಧತಿ.’

ಅವತ್ತು ಬಸ್ಸಿನಲ್ಲಿ ಬರುವಾಗ ಇದನ್ನು ಯಾರಿಗಾದರೂ ಹೇಳಬೇಕೆನಿಸಿತು. ಫೋನಿನಲ್ಲಿ ಹೆಸರುಗಳನ್ನು ಮೇಲೆ ಕೆಳಗೆ ಸರಿಸಿದೆ. ಯಾರಿಗೂ ಹಚ್ಚಲಿಲ್ಲ. ಎಲ್ಲಿಂದ ಶುರು ಮಾಡಿ ಹೇಳುವುದು?

ಈ ಒಂಟಿತನದ ಬಗ್ಗೆ ಹೊಸಬರಿಗೆ ಯಾರೂ ಹೇಳುವುದಿಲ್ಲ, ಹೇಳಿದರೂ ಅದನ್ನು ತಾಯ್ತನ ಎಂದುಬಿಡುತ್ತಾರೆ. ನನ್ನ ಜೊತೆ ಕಲಿಸುತ್ತಿದ್ದವರು ಮೊದಲ ಎರಡು ತಿಂಗಳು ಬಂದರು. ಗೌರಿ ಅಳಬಾರದು ಎಂದು ತಿಳಿದ ಮೇಲೆ ಬರಲು ಹೆದರಿದರು, ತಮ್ಮ ಮಕ್ಕಳನ್ನಂತೂ ಕರೆತರಲೇ ಇಲ್ಲ. ಓಣಿಯಲ್ಲಿ ತೊಟ್ಟಿಲು, ಸೀಮಂತ ಆದರೆ ನಮ್ಮ ಬಾಗಿಲು ಬಿಟ್ಟು ಪಕ್ಕದ ಮನೆಗೆ ಕರೆಯುವ ಕುಂಕುಮ ಹೋಗುತ್ತಿತ್ತು. ಬಸುರಿಯ ಕಣ್ಣಿಗೆ ಆ ಕೈ ಬೀಳಬಾರದಂತೆ. ಬಸ್ಸಿನಲ್ಲಿ ನಮ್ಮ ಪಕ್ಕದ ಸೀಟು ಕೊನೆಗೆ ತುಂಬುತ್ತಿತ್ತು. ನನಗೆ ಬೇಕಿದ್ದದ್ದು ಕನಿಕರವಲ್ಲ, ಎದುರಾಳಿ. ವರ್ಷಗಟ್ಟಲೆ ವೇದಿಕೆಯ ಮೇಲೆ ಎದುರಾಡಿ ಬೆಳೆದವಳಿಗೆ ದಿನವಿಡೀ ‘ಹಪ್ಪು ಬೇಕಾ? ಚಿಚ್ಚಿ ಬೇಕಾ?’ ಎಂಬುದಷ್ಟೇ ಮಾತು. ಬಟ್ಟೆ ಒಗೆಯುತ್ತಾ ಯಾವುದೋ ವಿಷಯಕ್ಕೆ ಪರವಾಗಿಯೂ ನಾನೇ, ವಿರೋಧವಾಗಿಯೂ ನಾನೇ ಮಾತಾಡುತ್ತಿದ್ದೆ. ಮುಗಿದಾಗ ಗೌರಿ ಎಡಗೈಯಿಂದ ತನ್ನ ತೊಡೆ ಬಡಿದು ಚಪ್ಪಾಳೆ ಹೊಡೆಯುತ್ತಿದ್ದಳು. ಯಾರು ಗೆದ್ದರೆಂದು ಹೇಳುತ್ತಿರಲಿಲ್ಲ.

ನಡೆಯಲು ಕಲಿತ ಮೇಲೆ ಹತ್ತು ಹೆಜ್ಜೆಗೊಮ್ಮೆ ಕುಕ್ಕರುಗಾಲಲ್ಲಿ ಕೂರುತ್ತಿದ್ದಳು. ಉಸಿರಿಗೆ ಅದರಿಂದ ಆರಾಮ ಎಂದು ಆ ದೇಹಕ್ಕೆ ತಾನೇ ಗೊತ್ತು. ಜನ ನಗುತ್ತಿದ್ದರು. ನಾನೂ ಪಕ್ಕದಲ್ಲಿ ಹಾಗೆಯೇ ಕೂತುಬಿಡುತ್ತಿದ್ದೆ.

ಮಕ್ತಲ ಬಸ್ ನಿಲ್ದಾಣದ ಪ್ರಸಂಗ ಮರೆಯಲಾರೆ. ಬೆಳಿಗ್ಗೆ ಗದ್ವಾಲದ ಬಸ್ಸಿಗೆ ಕಾಯುತ್ತಿದ್ದೆವು. ಪಕ್ಕದಲ್ಲಿದ್ದವಳೊಬ್ಬಳು ‘ಕೈಗೆ ಏನಾಗೈತಿ ನೋಡೋಣು’ ಎಂದು ಕೂಸಿನ ತೋಳನ್ನು ಸರ್ರನೆ ಮೇಲಕ್ಕೆಳೆದಳು. ಗೌರಿ ಬೆಚ್ಚಿದಳು, ಅತ್ತಳು. ನೋಡನೋಡುತ್ತ ತುಟಿ ಕಪ್ಪಾಯಿತು. ಬೆಂಚಿನ ಮೇಲೆ ಕೂತು ಕೂಸನ್ನು ಮಡಚಿ ಎದೆಗೆ ಒತ್ತಿ ಹಿಡಿದೆ.

‘ಅಯ್ಯ, ಕೂಸಿನ್ನ ಹೆಂಗ ಒತ್ತಾಕ ಹತ್ಯಾಳ ನೋಡ್ರಿ! ಬಿಡಸ್ರಿ ಯಾರಾದ್ರೂ!’

‘ಫಿಟ್ಸ್ ಬಂದೈತಿ ಅದಕ್ಕ. ಬೀಗದ ಕೈ ಕೊಡ್ರಿ ಕೈಯಾಗ!’

‘ಉಳ್ಳಾಗಡ್ಡಿ ಮೂಸಸ್ರಿ ಮೊದಲ!’

ಒಬ್ಬ ಸೊಂಟದ ಬೀಗದ ಕೈ ಬಿಚ್ಚಿ ಗೌರಿಯ ಬಲಗೈಗೆ ತುರುಕಿದ. ಹೆಬ್ಬೆರಳಿಲ್ಲದ ಕೈ, ನಿಲ್ಲಲಿಲ್ಲ, ಬಿತ್ತು. ಎತ್ತಿ ಮತ್ತೆ ತುರುಕಿದ. ಮತ್ತೆ ಬಿತ್ತು. ಮೂರನೇ ಸಲ ಆ ಕೈಯನ್ನು ನೋಡಿದ, ಬೀಗದ ಕೈಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡು ಹಿಂದೆ ಸರಿದು ನಿಂತ. ಎಷ್ಟೋ ವೇದಿಕೆಗಳಲ್ಲಿ ಗೆದ್ದ ನನಗೆ ಅವತ್ತು ಬಾಯಿ ತೆರೆದರೆ ಹಿಡಿತ ಸಡಿಲವಾದೀತು ಎಂಬ ಭಯ. ಆಗ ತರಕಾರಿ ಬುಟ್ಟಿಯ ಹೆಂಗಸೊಬ್ಬಳು ನನಗೆ ಬೆನ್ನು ಮಾಡಿ, ಗುಂಪಿಗೆ ಮುಖ ಮಾಡಿ ನಿಂತಳು. ‘ಗಾಳಿ ಬಿಡ್ರಿ. ತಾ ಏನ್ ಮಾಡಾಕ ಹತ್ಯಾಳಂತ ಅಕಿಗೆ ಗೊತ್ತೈತಿ.’ ಬಣ್ಣ ಮರಳುವವರೆಗೆ ಹಾಗೆಯೇ ನಿಂತಿದ್ದಳು. ತಲೆಯೆತ್ತಿ ಹೆಸರು ಕೇಳುವಷ್ಟರಲ್ಲಿ ಬುಟ್ಟಿ ಹೊತ್ತು ತನ್ನ ಬಸ್ಸಿಗೆ ಓಡಿದ್ದಳು.

ಈಗ ನನ್ನ ದೊಡ್ಡ ತಪ್ಪು. ಇದನ್ನು ಬಿಟ್ಟು ಬರೆಯಬಹುದಿತ್ತು, ಬಿಟ್ಟರೆ ಉಳಿದದ್ದನ್ನು ನೀವು ನಂಬಬಾರದು.

ಎರಡನೇ ಆಷಾಢ ಬಂದಾಗ ಗೌರಿ ಎಂಟೂವರೆ ಕೆಜಿ. ಅರ್ಧ ಕೆಜಿ ಮಾತ್ರ ಬಾಕಿ. ಆ ವಾರ ಅವ್ವ ಬಂದಳು, ಪಂಚಾಂಗದ ಜಗಳದ ನಂತರ ಮೊದಲ ಸಲ. ಸೆರಗಿನ ಗಂಟಿನಲ್ಲಿ ಗೋರಂಟಿ ಸೊಪ್ಪು. ಆಷಾಢದಲ್ಲಿ ನಮ್ಮ ಸೀಮೆಯ ಹೆಣ್ಣುಮಕ್ಕಳೆಲ್ಲ ಕೈಕಾಲಿಗೆ ಗೋರಂಟಿ ಹಚ್ಚಿಕೊಳ್ಳುತ್ತಾರೆ, ತೊಟ್ಟಿಲ ಕೂಸಿಗೂ ಬಿಡುವುದಿಲ್ಲ.

‘ಇದರಾಗೇನ ಮಂತ್ರ ಇಲ್ಲವಾ ತಾಯಿ, ಬರೇ ಸೊಪ್ಪು. ಇದಕ್ಕೂ ಪುಸ್ತಕ ತಗೀತಿಯೇನು?’

ನಕ್ಕುಬಿಟ್ಟೆ. ಅವ್ವ ಬಂದಿದ್ದಾಳೆ, ಎದುರಾಡುತ್ತಿದ್ದಾಳೆ, ಕೋಣೆಯಲ್ಲಿ ಇನ್ನೊಂದು ದನಿ ಇದೆ. ನಾನೇ ಒರಳಿನಲ್ಲಿ ಅರೆದೆ. ಅವ್ವ ಎಡ ಅಂಗೈಗೆ ಮಾತ್ರ ಹಚ್ಚಿ, ಬಲಗೈಯನ್ನು ಅಂಗಿಯೊಳಗೆ ಸರಿಸಲು ಹೋದಳು.

‘ಅದಕ್ಕ್ಯಾಕ ಬ್ಯಾಡ? ಅದೂ ಕೈಯೇ ಅಲ್ಲೇನು?’ ಎಂದು ವಾದಕ್ಕೆ ಬಿದ್ದು, ನಾನೇ ಆ ನಾಲ್ಕು ಬೆರಳ ಉಗುರಿಗೂ ಹಚ್ಚಿದೆ. ಅದೇ ಹುಮ್ಮಸ್ಸಿನಲ್ಲಿ ಎಡಗೈಯ, ಕಾಲಿನ ಉಗುರಿಗೂ. ಸಂಜೆ ತೊಳೆದಾಗ ಕೆಂಪು ಚೆನ್ನಾಗಿ ಹತ್ತಿತ್ತು. ಅವ್ವ ಮೊದಲ ಸಲ ಆ ಬಲಗೈಯನ್ನು ಹಿಡಿದು ನೋಡಿ ‘ಛಂದ ಏರೈತಿ’ ಎಂದಳು.

ಅಲ್ಲಿಯವರೆಗೆ ದಿನಕ್ಕೆ ಹತ್ತು ಸಲ ನಾನು ನೋಡುತ್ತಿದ್ದದ್ದೇ ಆ ಉಗುರುಗಳನ್ನು. ನೀಲಿ ಎಷ್ಟಿದೆ, ನಿನ್ನೆಗಿಂತ ಹೆಚ್ಚೋ ಕಡಿಮೆಯೋ. ಕೆಂಪಾದ ಮೇಲೂ ಅಭ್ಯಾಸಬಲದಿಂದ ಅವನ್ನೇ ನೋಡಿದೆ, ನೋಡಿ ಸಮಾಧಾನಪಟ್ಟೆ. ನಾಲಗೆ ನೋಡಬೇಕೆಂದು ಹೊಳೆಯಲಿಲ್ಲ. ಹೆಜ್ಜೆ ಹತ್ತರಿಂದ ಆರಕ್ಕೆ, ಆರರಿಂದ ನಾಲ್ಕಕ್ಕೆ ಇಳಿದು ಕೂರತೊಡಗಿದಾಗ, ಸೆಕೆ ಎಂದುಕೊಂಡೆ.

ಮೂರು ವಾರದ ನಂತರ ಡಾಕ್ಟರಮ್ಮ ಕೂಸಿನ ಬೆರಳಿಗೆ ರಕ್ತದಲ್ಲಿನ ಆಮ್ಲಜನಕ ಅಳೆಯುವ ಯಂತ್ರದ ಕ್ಲಿಪ್ ಹಾಕಲು ಹೋಗಿ ನಿಂತರು. ಒಂದು ಕೈ ನೋಡಿದರು, ಇನ್ನೊಂದು ಕೈ ನೋಡಿದರು, ಕಾಲು ನೋಡಿದರು.

‘ಗೋರಿಂಟಾಕು ಎವರು ಪೆಟ್ಟಾರು? ಯಾರು ಹಚ್ಚಿದ್ದು?’

ಅವತ್ತೂ ಹಳ್ಳಿಯಿಂದ ಬಂದಿದ್ದ ಅವ್ವ ಪಕ್ಕದಲ್ಲೇ ಇದ್ದಳು. ‘ನಾನ ರೀ’ ಎಂದಳು, ನಾನು ಬಾಯಿ ತೆರೆಯುವ ಮುಂಚೆ.

‘ಅಲ್ರಿ, ಉಗುರಿಗೆ ಹಚ್ಚಿದ್ದು ನಾನು’ ಎಂದೆ.

‘ನೀವು ಓದಿದವರು ಕದಮ್ಮಾ, ಅಲ್ಲೇನು? ಉಗುರು ನಮ್ಮ ಕಿಟಕಿ. ಕಿಟಕಿಗೆ ಬಣ್ಣ ಬಳದು ಕೂತ್ರೆ ಒಳಗ ಏನಾಗ್ತದಂತ ಹೆಂಗ ಕಾಣಬೇಕು? ಈ ಯಂತ್ರದ ಅಂಕಿನೂ ನಂಬಂಗಿಲ್ಲ ಈಗ.’ ಗೌರಿಯ ಬಾಯಿ ತೆರೆಸಿ ನಾಲಗೆ ನೋಡಿದರು. ನಾಲಗೆ ನೇರಳೆಯಾಗಿತ್ತು. ಸೀದಾ ಹೈದರಾಬಾದಿಗೆ ಫೋನು ಹಚ್ಚಿದರು. ಒಂಬತ್ತು ಕೆಜಿಗೆ ಕಾಯುವ ಹಾಗಿರಲಿಲ್ಲ.

ಹೊರಗೆ ಬಂದ ಮೇಲೆ ಅವ್ವ ಅಂದಳು: ‘ನನ್ನ ಮ್ಯಾಲ ಬಿಡಬೇಕಾಗಿತ್ತು. ನಾ ಹೆಂಗೂ ಓದು ಬರಹ ಇಲ್ಲದ ಅಡಾಣಿ.’ ಅವ್ವನ ಹೆಗಲ ಮೇಲೆ ಗೌರಿ ಆ ಕೆಂಪು ಬೆರಳುಗಳನ್ನು ಚೀಪುತ್ತಿದ್ದಳು.

ಹೈದರಾಬಾದಿನ ಆಸ್ಪತ್ರೆಗೆ ಅಣ್ಣ, ಅತ್ತಿಗೆ ಪುಣೆಯಿಂದ ನೇರ ಬಂದರು. ಅಲ್ಲಿನ ಡಾಕ್ಟರು ತೂಕ ಕಡಿಮೆ, ಅಪಾಯ ಹೆಚ್ಚು ಎಂದು ಹೇಳಿಯೇ ಸಹಿ ಹಾಕಿಸಿಕೊಂಡರು. ಸಹಿ ಅಣ್ಣನದು. ಆಪರೇಷನ್ ಆದ ಮೇಲೆ ಒಳಗಿನ ವಾರ್ಡಿಗೆ ಒಬ್ಬರಿಗೆ ಮಾತ್ರ ಪ್ರವೇಶ. ನರ್ಸು ಬಾಗಿಲಲ್ಲಿ ನಿಂತು ‘ತಲ್ಲಿ ಎವರು?’ ಎಂದು ಕೂಗಿದಳು. ತಾಯಿ ಯಾರು. ನಾನು ಎದ್ದಿದ್ದೆ. ಎರಡು ಹೆಜ್ಜೆ ಹಾಕಿಯೂ ಇದ್ದೆ. ಅತ್ತಿಗೆ ನನ್ನ ಪಕ್ಕದಿಂದ ದಾಟಿ ಹೋದಳು.

ಬಾಗಿಲು ಮುಚ್ಚುವ ಮುಂಚೆ ಅವಳ ತೋಳು ಹಿಡಿದು ಅವಸರದಲ್ಲಿ ಹೇಳಿದೆ: ‘ಹಪ್ಪು ಅಂದ್ರ ನೀರು. ಚಿಚ್ಚಿ ಅಂದ್ರ ರೊಟ್ಟಿ. ಕಿವಿ ಹಿಂದ ಸವರಿದ್ರ ಸುಮ್ಮನಾಗ್ತಾಳ, ಎಡಗಿವಿ, ಬಲಗಿವಿ ಅಲ್ಲ.’

ಅತ್ತಿಗೆ ನನ್ನನ್ನೇ ನೋಡಿದಳು. ‘ನನ್ನ ಕೂಸಿನ ಮಾತು ನನಗ ನೀ ಕಲಿಸಬೇಕಾತು ನೋಡು’ ಎಂದಳು. ಕೋಪವಿರಲಿಲ್ಲ ಅದರಲ್ಲಿ. ಕೃತಜ್ಞತೆಯೂ ಇರಲಿಲ್ಲ. ಐದು ದಿನ ನಾನು ಹೊರಗಿನ ಕುರ್ಚಿಯಲ್ಲಿದ್ದೆ. ಮುಂದಿನ ಸಾಲಿನಲ್ಲಿ ಬೇರೆ ಬೇರೆ ಊರಿನ ಅಜ್ಜಿಯರು, ಅತ್ತೆಯರು, ನನ್ನಂತೆ ಒಳಗೆ ಹೋಗಲು ಹಕ್ಕಿಲ್ಲದವರು. ಎಲ್ಲರ ಕಿವಿಯೂ ಬಾಗಿಲ ಕಡೆಗಿತ್ತು.

ಗೌರಿ ಉಳಿದಳು. ಇನ್ನಷ್ಟು ತಡವಾಗಿದ್ದರೆ ಏನಾಗುತ್ತಿತ್ತೆಂದು ಡಾಕ್ಟರನ್ನು ನಾನು ಕೇಳಿಲ್ಲ. ಡಾಕ್ಟರ ಮುಂದೆ ನಾನು ಕೇಳದೆ ಬಿಟ್ಟ ಪ್ರಶ್ನೆ ಅದೊಂದೇ.

ಅಣ್ಣ ಪುಣೆಗೆ ಮರಳಲಿಲ್ಲ. ಅತ್ತಿಗೆಯ ತವರು ಧರೂರು, ಜುರಾಲಾ ಕಾಲುವೆಯ ನೀರಿದೆ, ಅಲ್ಲೇ ಭತ್ತದ ಗದ್ದೆಯನ್ನು ಪಾಲಿಗೆ ಮಾಡತೊಡಗಿದ. ಗದ್ವಾಲ ಹತ್ತಿರ, ಖಾಜಾ ಸಾಹೇಬರೂ ಹತ್ತಿರ. ಆಸ್ಪತ್ರೆಯಿಂದ ಹೊರಡುವ ದಿನ ಅತ್ತಿಗೆ ಹೇಳಿದಳು: ‘ಸ್ವಲ್ಪ ದಿನ ಬರಬ್ಯಾಡ ಸುಜಾತಾ. ನಿನ್ನ ನೋಡಿದ್ರ ಅಕಿ ನನ್ನ ಹತ್ರ ಬರೋದಿಲ್ಲ. ಹೊಂದಲಿ.’ ಇದಕ್ಕೆ ಪ್ರತಿವಾದ ಇದೆಯೇ ಎಂದು ನಾರಾಯಣಪೇಟೆಯ ಕೋಣೆಯಲ್ಲಿ ಬಹಳ ದಿನ ಹುಡುಕಿದೆ. ಇಲ್ಲ. ಅವಳು ಹೇಳಿದ್ದು ಸರಿ.

ನಾಲ್ಕು ತಿಂಗಳ ನಂತರ ಧರೂರಿಗೆ ಹೋದೆ. ಗೌರಿ ಅಂಗಳದಲ್ಲಿ ಒಂದು ಕೋಳಿಯ ಹಿಂದೆ ಓಡುತ್ತಿದ್ದಳು. ಓಡುತ್ತಿದ್ದಳು, ಎಲ್ಲೂ ಕೂರದೆ. ಬಲಗೈಯಲ್ಲಿ ಹೊಸ ಪಟ್ಟಿ. ನಾನು ಬಾಗಿಲಲ್ಲಿ ಕುಕ್ಕರುಗಾಲಲ್ಲಿ ಕೂತು ಎರಡೂ ಕೈ ಚಾಚಿ ‘ಗೌರೀ’ ಎಂದೆ. ನಿಂತು ನೋಡಿದಳು. ಕಣ್ಣು ಸಣ್ಣ ಮಾಡಿ, ನೆನಪಿಗೆ ಬರದ ಏನನ್ನೋ ಹುಡುಕುವಂತೆ ನೋಡಿದಳು. ಹತ್ತಿರ ಸರಿದು ಎತ್ತಿಕೊಂಡೆ.

ಬಾಯಿ ತೆರೆದು ಅತ್ತಳು.

ನನ್ನ ಕೈಗಳು ಆಗಲೇ ಅವಳ ಮೊಣಕಾಲುಗಳನ್ನು ಮಡಚಿ ಎದೆಗೆ ಒತ್ತಿಬಿಟ್ಟಿದ್ದವು. ಅದಕ್ಕೆ ಇನ್ನೂ ಜೋರಾಗಿ ಅತ್ತಳು. ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದ ಅತ್ತಿಗೆ ತಿರುಗಿಯೂ ನೋಡಲಿಲ್ಲ.

‘ಕೆಳಗ ಬಿಡು. ಅಳಲಿ, ಏನಾಗಲ್ಲ ಈಗ. ಹೊಸಬರನ್ನ ಕಂಡ್ರ ಹಂಗ ಮಾಡ್ತಾಳ.’

ಕೆಳಗೆ ಬಿಟ್ಟೆ. ಅಮ್ಮನ ಬೆನ್ನಿಗೆ ಅಂಟಿಕೊಂಡು ನನ್ನ ಕಡೆ ನೋಡುತ್ತ ಅಳುತ್ತಲೇ ಇದ್ದಳು. ತುಟಿ ಕೆಂಪಗೇ ಇತ್ತು. ಇಪ್ಪತ್ತೊಂದು ತಿಂಗಳಲ್ಲಿ ಅವಳ ಅಳುವನ್ನು ಪೂರ್ತಿ ಕೇಳುವಷ್ಟು ಹೊತ್ತು ಎಂದೂ ಬಿಟ್ಟವಳಲ್ಲ ನಾನು. ಅದು ಎಷ್ಟು ದೊಡ್ಡ ದನಿಯೆಂದು ನನಗೆ ಗೊತ್ತೇ ಇರಲಿಲ್ಲ. ಪಕ್ಕದ ಮನೆಯವರು ಗೋಡೆಯ ಮೇಲಿಂದ ಇಣುಕಿ ನೋಡಿದರು. ನಾನು ಗೋಡೆಗೊರಗಿ ಕೂತು, ಅದು ಮುಗಿಯುವವರೆಗೂ ಕೇಳಿದೆ.